ಇನ್ಸುಲಿನ್ ವರದಿ: ಒಂದೇ ಅಂಕಿ ನೋಡಿ ಹೆದರಬೇಡಿ

ಕಾರ್ಖಾನೆಯಾಗಲಿ, ಬೆಂಗಳೂರಿನ ಐಟಿ ಕಂಪನಿಯಾಗಲಿ, ಕೆಲಸಕ್ಕೆ ಸೇರುವ ಮುನ್ನ ಮೆಡಿಕಲ್ ಫಿಟ್‌ನೆಸ್ ಕೇಳುವುದು ಈಗ ಮಾಮೂಲು. ಹೇಗೂ ರಕ್ತ ಕೊಡುತ್ತೇವೆ, ಪೂರ್ತಿ ಪ್ಯಾಕೇಜನ್ನೇ ಮಾಡಿಸಿಬಿಡೋಣ ಎಂದು ನಮ್ಮ ಬುಕ್ಕಸಾಗರದ ಕಡೆಯ ಹುಡುಗ, ಹುಡುಗಿಯರು ಕಂಪ್ಲಿಗೋ ಹೊಸಪೇಟೆಗೋ ಹೋಗಿಬರುತ್ತಾರೆ. ವರದಿ ಮೊಬೈಲ್‌ಗೇ ಬರುತ್ತದೆ. ಅದರಲ್ಲಿ ‘ಫಾಸ್ಟಿಂಗ್ ಇನ್ಸುಲಿನ್’ ಎಂಬ ಸಾಲು, ಪಕ್ಕದಲ್ಲಿ ದಪ್ಪಕ್ಷರದ ಅಂಕಿ. ಅಂಕಿ ಹೆಚ್ಚಿದ್ದರೆ ‘ಶುಗರ್ ಬಂತು, ಕೆಲಸ ಹೋಯಿತು’ ಎಂಬ ಚಿಂತೆ. ಮಿತಿಯೊಳಗಿದ್ದರೆ ‘ನನಗೇನೂ ಇಲ್ಲ’ ಎಂಬ ನಿರಾಳ. ಎರಡೂ ಆತುರದ ತೀರ್ಮಾನಗಳೇ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಸಕ್ಕರೆ ಕಾಯಿಲೆ ಇದೆಯೇ ಇಲ್ಲವೇ ಎಂದು ಹೇಳುವುದು ಇನ್ಸುಲಿನ್ ಪರೀಕ್ಷೆಯಲ್ಲ, ಸಕ್ಕರೆಯ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 100 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸಹಜ. 100ರಿಂದ 125 ಇದ್ದರೆ ಮಧುಮೇಹದ ಹೊಸ್ತಿಲು. 126 ಅಥವಾ ಅದಕ್ಕಿಂತ ಹೆಚ್ಚಿದ್ದು, ಮತ್ತೆ ಪರೀಕ್ಷಿಸಿದಾಗಲೂ ಹಾಗೇ ಬಂದರೆ ಮಧುಮೇಹ. ಎರಡು ಮೂರು ತಿಂಗಳ ಸರಾಸರಿ ತೋರಿಸುವ ‘ಎಚ್‌ಬಿಎ1ಸಿ’ಯಲ್ಲಿ 5.7ಕ್ಕಿಂತ ಕಡಿಮೆ ಸಹಜ, 6.5 ದಾಟಿದರೆ ಮಧುಮೇಹದ ಸೂಚನೆ. ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಗ್ಲುಕೋಮೀಟರ್ ಕೂಡ ಅಳೆಯುವುದು ಸಕ್ಕರೆಯನ್ನೇ, ಇನ್ಸುಲಿನ್ನನ್ನಲ್ಲ.

ತೂಬಿನ ಲೆಕ್ಕ

ಹಾಗಾದರೆ ಇನ್ಸುಲಿನ್ ಪರೀಕ್ಷೆ ಏನು ಹೇಳುತ್ತದೆ? ಕಾಲುವೆ ನೀರು ಕಂಡ ನಮ್ಮ ಕಡೆಯವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಗದ್ದೆಗೆ ನೀರು ಮುಟ್ಟಿಸಲು ತೂಬಿನಲ್ಲಿ ಹೆಚ್ಚು ನೀರು ಬಿಡಬೇಕು. ಗದ್ದೆ ಹಸಿರಾಗಿಯೇ ಇರುತ್ತದೆ, ಖರ್ಚಾದ ನೀರು ಮಾತ್ರ ದುಪ್ಪಟ್ಟು. ದೇಹದಲ್ಲೂ ಹೀಗೇ. ಜೀವಕೋಶಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಬಿಟ್ಟು ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ. ಇದೇ ಇನ್ಸುಲಿನ್ ಪ್ರತಿರೋಧ. ವರ್ಷಗಳ ನಂತರ ಗ್ರಂಥಿ ಸೋತಾಗ ಸಕ್ಕರೆ ಏರುತ್ತದೆ.

ಆದ್ದರಿಂದಲೇ ಇನ್ಸುಲಿನ್ ಅಂಕಿಯನ್ನು ಅದೇ ಹೊತ್ತಿಗೆ ತೆಗೆದ ಸಕ್ಕರೆಯ ಅಂಕಿಯ ಜೊತೆಗಿಟ್ಟೇ ಓದಬೇಕು. ಮೂವರು ಗೆಳೆಯರಿದ್ದಾರೆ ಎಂದುಕೊಳ್ಳಿ. ಮೊದಲನೆಯವನ ಸಕ್ಕರೆ 81, ಇನ್ಸುಲಿನ್ 10. ಎರಡನೆಯವನ ಸಕ್ಕರೆ 162, ಇನ್ಸುಲಿನ್ ಅದೇ 10. ಮೂರನೆಯವನ ಸಕ್ಕರೆ 90, ಇನ್ಸುಲಿನ್ 27. ಇನ್ಸುಲಿನ್ ಸಾಲನ್ನಷ್ಟೇ ನೋಡಿದರೆ ಮೊದಲ ಇಬ್ಬರೂ ಒಂದೇ. ಆದರೆ ಎರಡನೆಯವನ ಸಕ್ಕರೆ ಆಗಲೇ ಮಧುಮೇಹದ ಮಟ್ಟದಲ್ಲಿದೆ, ಅಷ್ಟು ಸಕ್ಕರೆಗೆ 10 ಸಾಲದು. ಮೂರನೆಯವನಿಗೆ ಮಧುಮೇಹವಿಲ್ಲ, ಆದರೆ ಗ್ರಂಥಿ ಹೆಚ್ಚು ದುಡಿಯುತ್ತಿರಬಹುದು.

ವರದಿಯಲ್ಲಿ ಕಾಣುವ ‘ಹೋಮಾ-ಐಆರ್’ ಈ ಎರಡನ್ನೂ ಸೇರಿಸಿದ ಲೆಕ್ಕ. 1985ರಲ್ಲಿ ಬಂದ ಸೂತ್ರವಿದು. ಸಕ್ಕರೆಯನ್ನು ಇನ್ಸುಲಿನ್‌ನಿಂದ ಗುಣಿಸಿ 405ರಿಂದ ಭಾಗಿಸಿದರಾಯಿತು. ಮೇಲಿನ ಮೂವರಿಗೆ ಕ್ರಮವಾಗಿ 2, 4, 6 ಬರುತ್ತದೆ. ಆದರೆ ಇದರಲ್ಲಿ ಇಷ್ಟು ದಾಟಿದರೆ ಕಾಯಿಲೆ ಎಂಬ, ಎಲ್ಲರೂ ಒಪ್ಪಿದ ಗೆರೆಯಿಲ್ಲ. ಲ್ಯಾಬಿನಿಂದ ಲ್ಯಾಬಿಗೆ ಇನ್ಸುಲಿನ್ ಅಂಕಿಯೂ ಬದಲಾಗುತ್ತದೆ.

ಇನ್ಸುಲಿನ್ ಇದ್ದರೂ ಶುಗರ್!

ಇನ್ಸುಲಿನ್ ಪತ್ತೆಯಾದದ್ದು 1921ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಆದರೆ ರಕ್ತದಲ್ಲಿ ಅದು ಎಷ್ಟಿದೆ ಎಂದು ನಿಖರವಾಗಿ ಅಳೆಯಲು ಸುಮಾರು 40 ವರ್ಷ ಕಾಯಬೇಕಾಯಿತು. ಆ ವಿಧಾನ ರೂಪಿಸಿದವರು ನ್ಯೂಯಾರ್ಕಿನ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್. ದೊಡ್ಡವರಾದ ಮೇಲೆ ಮಧುಮೇಹ ಬಂದ ಅನೇಕರ ರಕ್ತದಲ್ಲಿ ಇನ್ಸುಲಿನ್ ಕಡಿಮೆಯಿರಲಿಲ್ಲ, ಹೆಚ್ಚೇ ಇತ್ತು ಎಂಬುದು ಅವರಿಗೆ ಗೊತ್ತಾಯಿತು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಅಷ್ಟರಲ್ಲಿ ಬರ್ಸನ್ ತೀರಿಕೊಂಡಿದ್ದರು.

ಇದರ ಜೊತೆಗೇ ಕೇಳಿಬರುವ ಇನ್ನೊಂದು ಹೆಸರು ‘ಸಿ-ಪೆಪ್ಟೈಡ್’. ಗ್ರಂಥಿ ಇನ್ಸುಲಿನ್ ತಯಾರಿಸಿದಾಗಲೆಲ್ಲ ಅಷ್ಟೇ ಪ್ರಮಾಣದಲ್ಲಿ ಇದೂ ಹೊರಬರುತ್ತದೆ. ಇಂಜೆಕ್ಷನ್‌ನ ಇನ್ಸುಲಿನ್‌ನಲ್ಲಿ ಇದು ಇರುವುದಿಲ್ಲ. ಹೀಗಾಗಿ ಇಂಜೆಕ್ಷನ್ ತೆಗೆದುಕೊಳ್ಳುವವರ ದೇಹ ಸ್ವಂತವಾಗಿ ಎಷ್ಟು ತಯಾರಿಸುತ್ತಿದೆ ಎಂದು ಸಿ-ಪೆಪ್ಟೈಡ್ ತಿಳಿಸುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಟೈಪ್ 1 ಮಧುಮೇಹವೋ ಟೈಪ್ 2 ಮಧುಮೇಹವೋ ಎಂಬ ಅನುಮಾನ ಬಂದಾಗ ವೈದ್ಯರಿಗೆ ಇದು ನೆರವಾಗುತ್ತದೆ. ಟೈಪ್ 1 ಇರುವವರು ಜನರ ಕಣ್ಣಿಗೆ ಹೆದರಿ ಇಂಜೆಕ್ಷನ್ ಬಿಟ್ಟರೆ ಜೀವಕ್ಕೇ ಅಪಾಯ. ಸುಮ್ಮಸುಮ್ಮನೆ ತೂಕ ಇಳಿಯುತ್ತಿದ್ದರೆ, ಅತಿ ಬಾಯಾರಿಕೆ, ಪದೇಪದೇ ಮೂತ್ರ ಆಗುತ್ತಿದ್ದರೆ ಇನ್ಸುಲಿನ್ ವರದಿಗಾಗಿ ಕಾಯಬೇಡಿ. ಅಂದೇ ಸಕ್ಕರೆ ಪರೀಕ್ಷಿಸಿಕೊಂಡು ವೈದ್ಯರನ್ನು ಕಾಣಿ.

ಪಿಸಿಒಎಸ್ ಇರುವ ಹುಡುಗಿಯರಿಗೂ ಈ ಪರೀಕ್ಷೆ ಮಾಡಿಸಿ ಎಂಬ ಸಲಹೆ ಸಿಗುತ್ತಿರುತ್ತದೆ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಅವರಿಗೆ ಇನ್ಸುಲಿನ್ ಅಳೆಯುವುದು ವಾಡಿಕೆಯಾಗಿ ಬೇಕಿಲ್ಲ. ಸಕ್ಕರೆಯ ಪರೀಕ್ಷೆಯೇ ಮುಖ್ಯ.

ರಕ್ತ ಕೊಡುವ ಮುನ್ನ

ವೈದ್ಯರು ಹೇಳಿಯೇ ಮಾಡಿಸುವುದಾದರೆ ಕನಿಷ್ಠ 8 ಗಂಟೆ ಖಾಲಿ ಹೊಟ್ಟೆ ಇರಲಿ. ನೀರು ಕುಡಿಯಬಹುದು. ಬಸ್ ಸ್ಟ್ಯಾಂಡಿನ ಚಹಾ, ಒಗ್ಗರಣೆ-ಮಿರ್ಚಿ ಎಲ್ಲ ರಕ್ತ ಕೊಟ್ಟ ಮೇಲೆ. ಕೂದಲು ಉದುರದಿರಲೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಕೆಲವು ಯಂತ್ರಗಳಲ್ಲಿ ಅದು ಅಂಕಿಯನ್ನೇ ಏರುಪೇರು ಮಾಡುತ್ತದೆ. ಕೆಂಪು ರಕ್ತಕಣ ಒಡೆದರೂ ಇನ್ಸುಲಿನ್ ಕಡಿಮೆ ತೋರಿಸುತ್ತದೆ. ಆದ್ದರಿಂದ ಮಾದರಿಯನ್ನು ದೂರದ ಊರಿಗೆ ಕಳಿಸುವುದಾದರೆ ಬೇಗ ಬೇರ್ಪಡಿಸಿ ತಂಪಿನಲ್ಲಿ ಇಡುತ್ತಾರಾ ಎಂದು ಕೇಳಿ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಹೊಸ್ತಿಲಲ್ಲಿರುವವರು 13.6 ಕೋಟಿ. ಸರ್ಕಾರಿ ತಪಾಸಣೆ 30 ವರ್ಷ ದಾಟಿದವರಿಗೆ ಎಂದು 22ರ ನಾವು ಸುಮ್ಮನಿರುವಂತಿಲ್ಲ. ಮನೆಯಲ್ಲಿ ಯಾರಿಗಾದರೂ ಮಧುಮೇಹವಿದ್ದರೆ, ಹೊಟ್ಟೆ ಬೆಳೆದಿದ್ದರೆ, ಕುತ್ತಿಗೆಯ ಹಿಂಭಾಗ ಕಪ್ಪಾಗಿ ದಪ್ಪಗಾಗಿದ್ದರೆ ಮೊದಲು ಕಡಿಮೆ ಖರ್ಚಿನ ಸಕ್ಕರೆ ಪರೀಕ್ಷೆ ಮಾಡಿಸಿ. ಪ್ರತಿರೋಧ ಇದ್ದರೂ ದಿನಾ ಬಿರುಸಾಗಿ ನಡೆದರೆ, ತೂಕ ಇಳಿಸಿದರೆ, ಚೆನ್ನಾಗಿ ನಿದ್ದೆ ಮಾಡಿದರೆ ಅದು ತಗ್ಗುತ್ತದೆ. ಇಷ್ಟರ ಮೇಲೂ ಇನ್ಸುಲಿನ್ ಪರೀಕ್ಷೆ ಬೇಕೆಂದರೆ, ದುಡ್ಡು ಕಟ್ಟುವ ಮುನ್ನ ವೈದ್ಯರಿಗೆ ಎರಡು ಪ್ರಶ್ನೆ ಕೇಳಿ: ‘ಇದು ನನಗೇಕೆ ಬೇಕು ಸರ್? ಫಲಿತಾಂಶ ಬಂದ ಮೇಲೆ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?’