ಲಿನಕ್ಸ್ ಹಾಕಿದ ಮೇಲೆ ಲ್ಯಾಪ್‌ಟಾಪ್ ಪರದೆ ಮಸುಕಾದರೆ ಡಿಸ್‌ಪ್ಲೇ ಹೋಗಿದೆ ಎಂದರ್ಥವೇ?

ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದರೆ ಡಿಸ್‌ಪ್ಲೇ ಹಾಳಾಗುತ್ತದೆ ಎನ್ನುವ ಮಾತು ಆಗಾಗ ಕೇಳಿಬರುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಪ್ಪದ ಯಂತ್ರಕ್ಕೆ ಲುಬುಂಟು, ಆಂಟಿಎಕ್ಸ್‌ನಂಥ ಹಗುರ ಲಿನಕ್ಸ್ ಹಾಕಿ ನೋಡಿದವರಿಗೆ, ಅಕ್ಷರ ದಪ್ಪಗಾಗಿ ಮುಖಗಳೆಲ್ಲ ಅಗಲವಾಗಿ ಕಂಡಾಗ ಈ ಮಾತು ನಿಜವೆನಿಸುವುದು ಸಹಜ. ಆದರೆ ಆಲೆಟ್ಟಿಯಿಂದ ಸುಳ್ಯ ಪೇಟೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ, ಬೇಡದ ಪ್ಯಾನೆಲ್‌ಗೆ ಸಾವಿರಾರು ರೂಪಾಯಿ ಕೊಡುವ ಮೊದಲು ಸ್ವಲ್ಪ ನಿಲ್ಲಿ. ಅದೇ ಆಲೆಟ್ಟಿಯಿಂದ ಬಂದಡ್ಕದ ಕಡೆಗೆ ಗಡಿ ದಾಟಿದರೆ, ಕಾಸರಗೋಡಿನ ಸರ್ಕಾರಿ ಶಾಲೆಗಳ ಮಕ್ಕಳು, ಕನ್ನಡ ಮಾಧ್ಯಮದವರೂ ಸೇರಿ, ಕಂಪ್ಯೂಟರ್ ಕಲಿಯುವುದೇ ಕೇರಳದ 'ಕೈಟ್' ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್‌ನಲ್ಲಿ. ಅಲ್ಲಿನ ಪರದೆಗಳೇನೂ ಸುಟ್ಟುಹೋಗಿಲ್ಲ.

ಎಲ್‌ಸಿಡಿ ಪರದೆಯ ಚುಕ್ಕಿಗಳ ಸಂಖ್ಯೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಬಹಳ ಕಡೆ ಅದು ಅಡ್ಡಕ್ಕೆ 1366, ಉದ್ದಕ್ಕೆ 768. ಒಟ್ಟು ಹತ್ತು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಲಿನಕ್ಸ್ 800×600ರ ಚಿತ್ರ ಕಳಿಸಿದರೆ ಅದರಲ್ಲಿರುವುದು 4,80,000 ಚುಕ್ಕಿ ಮಾತ್ರ. ಅರ್ಧಕ್ಕಿಂತ ಕಡಿಮೆ ಮಾಹಿತಿಯನ್ನು ಇಡೀ ಪರದೆಗೆ ಎಳೆದಾಗ ಮಸುಕಾಗದೆ ಇನ್ನೇನಾಗುತ್ತದೆ? ಅಡ್ಡಕ್ಕೆ ಹೆಚ್ಚು ಎಳೆಯುವುದರಿಂದ ದುಂಡಗಿನ ದೋಸೆಯೂ ಮೊಟ್ಟೆಯಾಕಾರವಾಗುತ್ತದೆ. ಪ್ಯಾನೆಲ್ ಕೆಟ್ಟಿದ್ದರೆ ಕಾಣುವುದು ಬೇರೆಯೇ: ಗೆರೆ, ಕಪ್ಪು ಕಲೆ, ಮಿನುಗು. ಅನುಮಾನವಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿನಲ್ಲಿ ನೋಡಿ. ಪರದೆಯ ಮೇಲಿದ್ದ ಗೆರೆ ಅದರಲ್ಲಿ ಇಲ್ಲದಿದ್ದರೆ ಮಾತ್ರ ಪ್ಯಾನೆಲ್ ಅಥವಾ ಅದರ ಕೇಬಲ್ ಮೇಲೆ ಸಂಶಯಪಡಬೇಕು.

ತಪ್ಪು ರೆಸಲ್ಯೂಷನ್ ಇಟ್ಟರೆ ಪರದೆ ಸುಡುತ್ತದೆ ಎಂಬ ಭಯಕ್ಕೆ ಒಂದು ಹಿನ್ನೆಲೆಯಿದೆ. ಹಿಂದಿನ ಡಬ್ಬಿಯಂಥ ಸಿಆರ್‌ಟಿ ಮಾನಿಟರುಗಳಲ್ಲಿ ಕೆಲವಕ್ಕೆ ಮಿತಿ ಮೀರಿದ ಸಂಕೇತ ಕೊಟ್ಟರೆ ಹಾನಿಯಾಗುವ ಅಪಾಯ ನಿಜವಾಗಿಯೂ ಇತ್ತು. ಎಲ್‌ಸಿಡಿಯಲ್ಲಿ ಹೆಚ್ಚೆಂದರೆ ಪರದೆ ಕಪ್ಪಾಗುತ್ತದೆ, ಮರುಪ್ರಾರಂಭಿಸಿದರೆ ಬರುತ್ತದೆ.

ಹಾಗಾದರೆ ಲಿನಕ್ಸ್‌ಗೆ ಅಳತೆ ಯಾಕೆ ತಿಳಿಯಲಿಲ್ಲ? ಪ್ರತಿ ಪ್ಯಾನೆಲ್‌ನ ಒಳಗೂ ಇಡಿಐಡಿ ಎಂಬ ಪುಟ್ಟ ಜಾತಕವಿದೆ. ಮೂಲ ಭಾಗ 128 ಬೈಟ್ ಅಷ್ಟೇ. ಗ್ರಾಫಿಕ್ಸ್ ಡ್ರೈವರ್ ಅದನ್ನು ಓದಿ ಸರಿಯಾದ ಅಳತೆ ಹಿಡಿಯುತ್ತದೆ. ಡ್ರೈವರೇ ಎದ್ದಿಲ್ಲವಾದರೆ ಜಾತಕ ಓದುವವರಿಲ್ಲ. ಲಿನಕ್ಸ್ ಯಾವುದೋ ಸಾಮಾನ್ಯ ಅಳತೆಯಲ್ಲಿ ಕೆಲಸ ಸಾಗಿಸುತ್ತದೆ.

ಇದನ್ನು ಪತ್ತೆಹಚ್ಚಲು ಟರ್ಮಿನಲ್ ತೆರೆದು ಎಕ್ಸ್, ಆರ್, ಎ, ಎನ್, ಡಿ, ಆರ್ ಎಂಬ ಆರು ಸಣ್ಣಕ್ಷರಗಳನ್ನು ಒಟ್ಟಿಗೆ ಒತ್ತಿ, ಎಂಟರ್ ಕೊಡಿ. ಬರುವ ಪಟ್ಟಿಯಲ್ಲಿ ಮೊದಲು ನೋಡಬೇಕಾದ್ದು ಅಂಕಿಯನ್ನಲ್ಲ, ಪರದೆಯ ಹೆಸರನ್ನು. ಇಡಿಪಿ ಅಥವಾ ಎಲ್‌ವಿಡಿಎಸ್ ಎಂದಿದ್ದರೆ ಡ್ರೈವರ್ ಎದ್ದಿದೆ. 'ಡಿಫಾಲ್ಟ್' ಎಂದಿದ್ದರೆ ಎದ್ದಿಲ್ಲ. ಹೊಸ ರೆಸಲ್ಯೂಷನ್ ಸೇರಿಸಲು ಜನ ಹಂಚಿಕೊಳ್ಳುವ ಮೂರು ಸಾಲಿನ ಕಮಾಂಡ್ ಈ ಎರಡನೇ ಸ್ಥಿತಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಷ್ಟು ಸಲ ಹಾಕಿದರೂ ಎರರ್ ಬರುವುದು ಅದಕ್ಕೇ.

ಡ್ರೈವರ್ ಏಳದಿರಲು ಸಾಮಾನ್ಯ ಕಾರಣ 'ನೋಮೋಡ್‌ಸೆಟ್' ಎಂಬ ಒಂದು ಪದ. ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾಯಿತೆಂದು 'ಸೇಫ್ ಗ್ರಾಫಿಕ್ಸ್' ಆರಿಸಿದ್ದರೆ ಅದು ಬೂಟ್ ಸಾಲಿನಲ್ಲಿ ಉಳಿದುಬಿಟ್ಟಿರಬಹುದು. ಬ್ರೈಟ್‌ನೆಸ್ ಕೀ ಕೆಲಸ ಮಾಡದಿರುವುದು, ವಿಡಿಯೋ ತಡವರಿಸುವುದು ಇದರ ಜೊತೆಗೇ ಬರುವ ಲಕ್ಷಣ. ಲ್ಯಾಪ್‌ಟಾಪ್ ಆನ್ ಮಾಡಿದೊಡನೆ ಶಿಫ್ಟ್ ಒತ್ತಿ ಹಿಡಿಯಿರಿ. ಹೊಸ ಯಂತ್ರದಲ್ಲಾದರೆ ಎಸ್ಕೇಪ್. ಗ್ರಬ್ ಮೆನು ಬಂದಾಗ ಇ ಕೀ ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನಲ್ಲಿ ಆ ಪದ ಹುಡುಕಿ ಅಳಿಸಿ, ಎಫ್10 ಒತ್ತಿ. ಇದು ಒಂದು ಸಲದ ಪರೀಕ್ಷೆ. ಪರದೆ ಮತ್ತೆ ಕಪ್ಪಾದರೂ ಮುಂದಿನ ಸಲ ಆನ್ ಮಾಡಿದಾಗ ಎಲ್ಲ ಮೊದಲಿನಂತೆಯೇ ಇರುತ್ತದೆ. ಪರದೆ ಸರಿಯಾದರೆ ಮಾತ್ರ ಇಟಿಸಿ ಫೋಲ್ಡರಿನೊಳಗಿನ ಡಿಫಾಲ್ಟ್ ಫೋಲ್ಡರಿನಲ್ಲಿ ಗ್ರಬ್ ಎಂಬ ಫೈಲಿನಿಂದಲೂ ಆ ಪದ ತೆಗೆದು, ಅಪ್‌ಡೇಟ್-ಗ್ರಬ್ ಕಮಾಂಡನ್ನು ಸುಡೋ ಸಹಿತ ನಡೆಸಿ.

ಆ ಪದವೇ ಇಲ್ಲದಿದ್ದರೆ, ಎಎಂಡಿ ಗ್ರಾಫಿಕ್ಸ್ ಇರುವ ಯಂತ್ರಗಳಲ್ಲಿ ಫರ್ಮ್‌ವೇರ್ ಫೈಲುಗಳು ಇಲ್ಲದಿರುವ ಸಾಧ್ಯತೆ ಹೆಚ್ಚು. ಡೆಬಿಯನ್ ಇವನ್ನು ತನ್ನ ಅಧಿಕೃತ ಇನ್‌ಸ್ಟಾಲರಿಗೆ ಸೇರಿಸಿದ್ದೇ 2023ರ 12ನೇ ಆವೃತ್ತಿಯಲ್ಲಿ.

ಪರದೆಯ ಹೆಸರು ಸರಿಯಾಗಿದ್ದು 1366×768 ಮಾತ್ರ ಪಟ್ಟಿಯಲ್ಲಿಲ್ಲದಿದ್ದರೆ ಆ ಮೂರು ಸಾಲಿನ ಕಮಾಂಡ್ ಉಪಯೋಗಕ್ಕೆ ಬರುತ್ತದೆ. ಅಳತೆಯ ಲೆಕ್ಕ ಕೊಡುವ ಸಿವಿಟಿ ಕಮಾಂಡ್ 1366ರ ಬದಲು 1368 ಎಂದು ತೋರಿಸಿದರೆ ಗಾಬರಿ ಬೇಡ. ಅದು ಎಂಟರಿಂದ ಭಾಗವಾಗುವ ಸಂಖ್ಯೆಯನ್ನೇ ಕೊಡುತ್ತದೆ. ಸಾಲಿನಲ್ಲಿ ಪರದೆಯ ಹೆಸರಿರುವ ಜಾಗಕ್ಕೆ ನಿಮ್ಮ ಪಟ್ಟಿಯಲ್ಲಿ ಕಂಡ ಹೆಸರನ್ನೇ ಹಾಕಬೇಕು. ಇನ್ನೊಬ್ಬರ ಯಂತ್ರದ ಹೆಸರು ನಡೆಯದು. ಹೀಗೆ ಸೇರಿಸಿದ್ದು ಲ್ಯಾಪ್‌ಟಾಪ್ ಆಫ್ ಮಾಡಿದರೆ ಹೋಗುತ್ತದೆ, ಆದ್ದರಿಂದ ಪ್ರಯೋಗಕ್ಕೆ ಹೆದರಬೇಕಿಲ್ಲ. ಆದರೆ ಯಾವುದೋ ಜಾಲತಾಣದಿಂದ ಸ್ಕ್ರಿಪ್ಟ್ ಇಳಿಸಿ ಸುಡೋ ಸಹಿತ ಓಡಿಸಿ ಎನ್ನುವ ಫಾರ್ವರ್ಡ್ ಬಂದರೆ ಅದು ಬೇರೆ ಮಾತು. ರೆಸಲ್ಯೂಷನ್ ಸರಿಪಡಿಸಲು ಅಂಥದ್ದರ ಅಗತ್ಯವೇ ಇಲ್ಲ.