ಬೆನ್ನಿನ ಸೂಜಿಗೆ ಅಂಜಬೇಡಿ



ಈ ಸಲ ಬೇಸಾಯದ ಮಾತು ಬಿಟ್ಟು ಮನೆಯ ಒಂದು ಮುಖ್ಯ ವಿಷಯ ಹೇಳುತ್ತೇನೆ. ಸಿಜೇರಿಯನ್ ಹೆರಿಗೆಗೆ ಬೆನ್ನಿಗೆ ಸೂಜಿ ಕೊಡಬೇಕೆಂದು ವೈದ್ಯರು ಹೇಳಿದರೆ, ‘ಅದರಿಂದ ಬಿ.ಪಿ. ಇಳಿಯುತ್ತದಂತೆ’ ಎಂದು ಹೆದರಿ ಸಹಿ ಹಾಕಲು ಹಿಂದೆಮುಂದೆ ನೋಡುವವರು ನಮ್ಮಲ್ಲಿದ್ದಾರೆ. ಆ ಹೊತ್ತಿನ ವಿಳಂಬವೇ ತಾಯಿ ಮಗುವಿಗೆ ಅಪಾಯ ತರಬಹುದು. ಒತ್ತಡ ಇಳಿಯುವುದು ನಿಜ. ಅದನ್ನು ಸರಿಪಡಿಸುವ ಉಪಾಯವೂ ಇದೆ.

ಒತ್ತಡ ಇಳಿಯುವುದೇಕೆ?

ಸೊಂಟದ ಬಳಿ ಬೆನ್ನುಮೂಳೆಯ ಸಂದಿನಲ್ಲಿ ಕೊಟ್ಟ ಔಷಧಿಯು ನೋವಿನ ನರಗಳ ಜೊತೆಗೆ, ರಕ್ತನಾಳಗಳನ್ನು ಬಿಗಿಯಾಗಿಡುವ ನರಗಳನ್ನೂ ಮರಗಟ್ಟಿಸುತ್ತದೆ. ಆಗ ನಾಳಗಳು ಹಿಗ್ಗುತ್ತವೆ. ಕಾಲುವೆಯನ್ನು ಅಗಲ ಮಾಡಿದರೆ, ಬರುವ ನೀರು ಅಷ್ಟೇ ಇದ್ದರೂ ಮಟ್ಟ ತಗ್ಗುವುದನ್ನು ನೀವು ಕಂಡಿದ್ದೀರಿ, ಇದೂ ಹಾಗೆಯೇ. ಜೊತೆಗೆ ಬಸುರಿ ಅಂಗಾತ ಮಲಗಿದರೆ, ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ನಾಳವನ್ನು ತುಂಬಿದ ಗರ್ಭಕೋಶ ಒತ್ತುತ್ತದೆ. ತಾಯಿಗೆ ವಾಕರಿಕೆ, ತಲೆಸುತ್ತು ಬರುತ್ತವೆ. ಒತ್ತಡ ಬಹಳ ಹೊತ್ತು ತಗ್ಗಿಯೇ ಇದ್ದರೆ ಮಾಸಿನ ಮೂಲಕ ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ.

ವೈದ್ಯರು ಮಾಡುವುದೇನು?

1. ಸೂಜಿ ಕೊಡುವ ಹೊತ್ತಿಗೇ ಡ್ರಿಪ್ ಹಾಕಿ ದ್ರವ ಹರಿಸುತ್ತಾರೆ.

2. ಗರ್ಭಕೋಶದ ಭಾರ ನಾಳದ ಮೇಲೆ ಬೀಳದಂತೆ ತಾಯಿಯನ್ನು ಎಡಕ್ಕೆ ಸ್ವಲ್ಪ ವಾಲಿಸಿ ಮಲಗಿಸುತ್ತಾರೆ.

3. ಒತ್ತಡವನ್ನು ಮೇಲಿಂದ ಮೇಲೆ ಅಳೆಯುತ್ತಾರೆ. ಮೊದಲಿದ್ದ ಮೇಲಿನ ಅಂಕಿಯ ನೂರಕ್ಕೆ 90ರಷ್ಟಾದರೂ ಉಳಿಯಬೇಕೆಂಬುದು ಗುರಿ. ಅಂದರೆ 120 ಇದ್ದವರಿಗೆ 108ಕ್ಕಿಂತ ಕೆಳಗೆ ಹೋಗಬಾರದು.

4. ಫಿನೈಲೆಫ್ರಿನ್‌ನಂಥ ಔಷಧಿಯಿಂದ ನಾಳಗಳನ್ನು ಮತ್ತೆ ಬಿಗಿಗೊಳಿಸುತ್ತಾರೆ. ಅದು ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲೇ ಕೆಲಸ ಮಾಡುತ್ತದೆ.

ನೀವು ಮಾಡಬೇಕಾದುದೇನು?

1. ಎಂಟನೆಯ ತಿಂಗಳಿನಲ್ಲೇ ವೈದ್ಯರನ್ನು ಕಂಡು ಸಂದೇಹ ಕೇಳಿಕೊಳ್ಳಿ. ನಿರ್ಧಾರವನ್ನು ಕಡೆಯ ಗಳಿಗೆಗೆ ಬಿಡಬೇಡಿ.

2. ಹೃದಯದ ತೊಂದರೆ, ಬಿ.ಪಿ., ರಕ್ತಸ್ರಾವ, ರಕ್ತ ತೆಳುವಾಗಿಸುವ ಮಾತ್ರೆ, ಕೊನೆಯ ಊಟದ ಹೊತ್ತು, ಯಾವುದನ್ನೂ ಮುಚ್ಚಿಡಬೇಡಿ. ಇವನ್ನು ನೋಡಿಯೇ ಸೂಜಿ ಯೋಗ್ಯವೋ ಅಲ್ಲವೋ ಎಂದು ವೈದ್ಯರು ತೀರ್ಮಾನಿಸುತ್ತಾರೆ.

3. ವಾಕರಿಕೆ, ಕಣ್ಣು ಕತ್ತಲೆ, ಉಸಿರಿನ ಕಷ್ಟ ಕಂಡ ಕೂಡಲೇ ಬಾಯಿಬಿಟ್ಟು ಹೇಳುವಂತೆ ಮನೆಯ ಹೆಣ್ಣುಮಗಳಿಗೆ ತಿಳಿಸಿ. ಸಂಕೋಚದಿಂದ ಸಹಿಸಬಾರದು.

4. ಹೆರಿಗೆಯ ನಂತರ ಕಾಲಿಗೆ ಸ್ಪರ್ಶ, ಬಲ ಮರಳಿ, ನರ್ಸಮ್ಮ ಹೇಳುವವರೆಗೆ ಎಬ್ಬಿಸಬೇಡಿ. ಮೊದಲ ಸಲ ಏಳುವಾಗ ಒಬ್ಬರು ಹಿಡಿದುಕೊಂಡಿರಲಿ.

ಈ ಸೂಜಿಯಿಂದ ಸೊಂಟದ ಕೆಳಗೆ ನೋವು ತಿಳಿಯುವುದಿಲ್ಲ. ತಾಯಿ ಮಾತ್ರ ಎಚ್ಚರವಾಗಿಯೇ ಇರುತ್ತಾಳೆ. ಮಗುವಿನ ಮೊದಲ ಅಳುವನ್ನು ಅವಳೇ ಕೇಳುತ್ತಾಳೆ. ಹೆದರಿಕೆಯನ್ನು ಮನೆಯಲ್ಲಿ ಬಿಟ್ಟು, ಅವಳಿಗೆ ಧೈರ್ಯ ಹೇಳಿ ಆಸ್ಪತ್ರೆಗೆ ಕರೆದೊಯ್ಯಿರಿ.

— ನಿಮ್ಮ ಗ್ರಾಮಸೇವಕ