ಅನ್ನದ ಮೂಲ ಕೇಳದ ಮನೆ

ಅಪರಾಧ ಲೋಕದ ಕಥೆಯೆಂದರೆ ಬಂದೂಕು, ಬೆನ್ನಟ್ಟುವಿಕೆ, ಪೊಲೀಸರ ಸಾಹಸ ಇಷ್ಟೇ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ 1999ರ ಜನವರಿಯಿಂದ 2007ರ ಜೂನ್‌ವರೆಗೆ 86 ಕಂತುಗಳಲ್ಲಿ ಪ್ರಸಾರವಾದ ‘ದಿ ಸೊಪ್ರಾನೋಸ್’ ಧಾರಾವಾಹಿ ಬೇರೆಯೇ ದಾರಿ ಹಿಡಿಯಿತು. ಡೇವಿಡ್ ಚೇಸ್ ರೂಪಿಸಿದ ಈ ಕಥೆ ಪಾತಕಿಗಳ ಅಡ್ಡೆಯಲ್ಲಿ ನಡೆಯುವಷ್ಟೇ ಅವರ ನಾಯಕನ ಅಡುಗೆಮನೆಯಲ್ಲಿಯೂ ನಡೆಯುತ್ತದೆ. ಹಿಂಸೆಯೂ ಹೊಲಸು ಮಾತೂ ತುಂಬಿರುವ ಇದು ಮಕ್ಕಳೊಡನೆ ಕುಳಿತು ನೋಡತಕ್ಕದ್ದಲ್ಲ. ಆದರೂ ಸಂಸಾರಸ್ಥರೆಲ್ಲರೂ ಆಲೋಚಿಸಬೇಕಾದ ಒಂದು ಪ್ರಶ್ನೆ ಇದರಲ್ಲಿದೆ.

ನ್ಯೂ ಜರ್ಸಿಯ ಟೋನಿ ಸೊಪ್ರಾನೊ ಇಟಲಿ ಮೂಲದ ಮಾಫಿಯಾ ಗುಂಪಿನ ಮುಖಂಡ. ಈ ಪಾತ್ರ ವಹಿಸಿದವರು ಜೇಮ್ಸ್ ಗ್ಯಾಂಡೊಲ್ಫಿನಿ. ಲೋಕದ ಕಣ್ಣಿಗೆ ಟೋನಿಯದು ಕಸ ವಿಲೇವಾರಿಯ ವ್ಯವಹಾರ. ನಿಜವಾದ ಸಂಪಾದನೆ ಜೂಜು, ಮೀಟರ್ ಬಡ್ಡಿ ಮತ್ತು ಬೆದರಿಕೆಯದು. ತನ್ನ ಈಜುಕೊಳದಲ್ಲಿ ಮರಿಗಳೊಡನೆ ಇದ್ದ ಬಾತುಕೋಳಿಗಳು ಹಾರಿಹೋದಾಗ ಈ ಕಠೋರ ಮನುಷ್ಯ ಎಚ್ಚರ ತಪ್ಪಿ ಬೀಳುತ್ತಾನೆ. ಸಂಸಾರವನ್ನು ಕಳೆದುಕೊಳ್ಳುವ ಭಯವೇ ಇದರ ಮೂಲವೆಂಬುದು ಮನೋವೈದ್ಯೆ ಮೆಲ್ಫಿಯವರ ಸಮಾಲೋಚನೆಯಲ್ಲಿ ಹೊರಬೀಳುತ್ತದೆ.

ಇನ್ನೊಂದು ಕಂತಿನಲ್ಲಿ ಟೋನಿ ಮಗಳು ಮೆಡೋಳಿಗೆ ಕಾಲೇಜುಗಳನ್ನು ತೋರಿಸಲು ಮೇನ್ ರಾಜ್ಯಕ್ಕೆ ಹೋಗುತ್ತಾನೆ. ದಾರಿಯಲ್ಲಿ ಆಕೆ, ತಾನು ಮಾಫಿಯಾದವನ ಮಗಳೇ ಎಂದು ನೇರವಾಗಿ ಕೇಳಿಬಿಡುತ್ತಾಳೆ. ತಂದೆ ಮೊದಲು ಅಲ್ಲಗಳೆದು, ಆಮೇಲೆ ಅರ್ಧ ಸತ್ಯ ಒಪ್ಪಿಕೊಳ್ಳುತ್ತಾನೆ. ಅದೇ ಪ್ರವಾಸದಲ್ಲಿ, ಸರ್ಕಾರಕ್ಕೆ ಸುಳಿವು ಕೊಟ್ಟಿದ್ದ ಹಳೆಯ ಸಹಚರನೊಬ್ಬನ ಕತ್ತು ಬಿಗಿದು ಕೊಲ್ಲುತ್ತಾನೆ. ಮಗಳ ವಿದ್ಯಾಭ್ಯಾಸದ ಚಿಂತೆಯೂ ಕೊಲೆಯೂ ಒಂದೇ ಕೈಯ ಕೆಲಸಗಳಾಗುವುದನ್ನು ಇಲ್ಲಿ ನೋಡುತ್ತೇವೆ.

ಆದರೆ ನಮ್ಮನ್ನು ಹೆಚ್ಚು ಕಾಡುವವಳು ಮಡದಿ ಕಾರ್ಮೆಲಾ. ಆಕೆ ದೈವಭಕ್ತೆ, ಮಕ್ಕಳ ಮೇಲೆ ಪ್ರಾಣವಿಟ್ಟವಳು. ಹಣ ಎಲ್ಲಿಂದ ಬರುತ್ತದೆಂದು ಬಲ್ಲವಳು, ಆದರೆ ಆ ಮಾತನ್ನು ಎತ್ತದವಳು. 2001ರ ಕಂತೊಂದರಲ್ಲಿ ಆಕೆ ವೃದ್ಧ ಮನೋವೈದ್ಯರೊಬ್ಬರ ಬಳಿಗೆ ಹೋಗುತ್ತಾಳೆ. ಸಮಾಧಾನದ ಮಾತಿಗಾಗಿ ಬಂದ ಆಕೆಗೆ ಅವರು, ಮಕ್ಕಳನ್ನು ಮಾತ್ರ ಕರೆದುಕೊಂಡು ಆ ಮನೆಯಿಂದ ಹೊರಟುಹೋಗಬೇಕೆಂದು ಹೇಳುತ್ತಾರೆ. ರಕ್ತ ಅಂಟಿದ ಹಣವೆಂದು ತಮ್ಮ ಶುಲ್ಕವನ್ನೂ ಮುಟ್ಟುವುದಿಲ್ಲ. ಕಾರ್ಮೆಲಾ ಹೊರಡುವುದಿಲ್ಲ. ಮಗಳು ಓದುವ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ 50,000 ಡಾಲರ್ ಕೊಡಬೇಕೆಂದು ಗಂಡನಲ್ಲಿ ಹಟ ಹಿಡಿಯುತ್ತಾಳೆ. ದಾನದಿಂದ ಹಣದ ಕಳಂಕ ಕಳೆಯುತ್ತದೆಂಬ ಆಸೆಯೇ ಅದು? ಮುಂದೆ ಗಂಡನ ಪರಸ್ತ್ರೀ ಸಹವಾಸದಿಂದ ರೋಸಿ ಅವನನ್ನು ಮನೆಯಿಂದ ಹೊರಹಾಕುತ್ತಾಳೆ. ಆದರೆ ಮಾರುವುದಕ್ಕಾಗಿ ಮನೆಯೊಂದನ್ನು ಕಟ್ಟಿಸಲು 6 ಲಕ್ಷ ಡಾಲರ್ ಕೇಳಿ, ಆ ಷರತ್ತಿನ ಮೇಲೆ ಮತ್ತೆ ಒಳಗೆ ಬಿಟ್ಟುಕೊಳ್ಳುತ್ತಾಳೆ.

ಕೊನೆಯ ದೃಶ್ಯದಲ್ಲಿ ಗಂಡ, ಹೆಂಡತಿ, ಮಗ ಉಪಾಹಾರ ಗೃಹದ ಒಂದೇ ಮೇಜಿನ ಸುತ್ತ ಕುಳಿತಿದ್ದಾರೆ. ಮಗಳು ಬಾಗಿಲಿಗೆ ಬರುವ ಹೊತ್ತಿಗೆ ತೆರೆ ಥಟ್ಟನೆ ಕಪ್ಪಾಗುತ್ತದೆ. ಟೋನಿ ಸತ್ತನೋ ಬದುಕಿದನೋ ಎಂದು ಪ್ರೇಕ್ಷಕರು ಇಂದಿಗೂ ವಾದಿಸುತ್ತಾರೆ. ನಮಗಾದರೋ, ಆ ಮೇಜಿನ ಬಳಿ ಎಲ್ಲರ ತಟ್ಟೆಗೂ ಒಂದೇ ಹಣದ ಅನ್ನ ಬಿತ್ತೆಂಬುದೇ ದೊಡ್ಡ ಸಂಗತಿಯಾಗಿ ತೋರುತ್ತದೆ. ಆ ವೃದ್ಧ ವೈದ್ಯರು ಕೇವಲ ಒಂದು ದಿನದ ಶುಲ್ಕವನ್ನು ಬಿಟ್ಟುಕೊಟ್ಟರು. ಅಷ್ಟನ್ನೂ ಬಿಡಲಾಗದ ಮನೆಯಲ್ಲಿ ಮಕ್ಕಳು ಏನನ್ನು ಕಲಿತಾರು?